ಸತ್ಯವೇದದೊಳಗಿನ ವಾದ: ಪ್ರಗತಿಪರ ಕ್ರೈಸ್ತ ಸಭೆ ಓದುವ, ಬಾಳುವ ಬಗೆ

ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿ ಒಂದು ಕಟ್ಟಪ್ಪಣೆ ಇದೆ: ಮೋವಾಬ್ಯರು ಯೆಹೋವನ ಸಭೆಗೆ ಸೇರಬಾರದು, ಅವರ ಹತ್ತನೆಯ ತಲೆಮಾರಿನವರೂ ಸೇರಬಾರದು. ಕಾರಣವನ್ನೂ ಅಲ್ಲೇ ಹೇಳಿದೆ. ಈಜಿಪ್ಟಿನಿಂದ ಹೊರಟು ಬಂದ ಇಸ್ರಾಯೇಲ್ಯರಿಗೆ ಅವರು ಅನ್ನನೀರು ಕೊಡಲಿಲ್ಲ, ಶಾಪ ಹಾಕಿಸಲು ಬಿಳಾಮನನ್ನು ಹಣ ಕೊಟ್ಟು ಕರೆಸಿದರು. ಅದೇ ಸತ್ಯವೇದದಲ್ಲಿ ಸ್ವಲ್ಪ ಮುಂದೆ ಹೋದರೆ ರೂತಳ ಕಥೆ ಸಿಗುತ್ತದೆ. ರೂತಳು ಮೋವಾಬ್ಯಳು. ಗಂಡ ತೀರಿಕೊಂಡ ಮೇಲೂ ಅತ್ತೆ ನೊವೊಮಿಯ ಕೈಬಿಡದೆ ಬೇತ್ಲೆಹೇಮಿಗೆ ಬರುತ್ತಾಳೆ, ಕೊಯ್ಲಾದ ಹೊಲದಲ್ಲಿ ಹಕ್ಕಲಾಯ್ದು ಇಬ್ಬರ ಹೊಟ್ಟೆ ಹೊರೆಯುತ್ತಾಳೆ, ಬೋವಜನನ್ನು ಮದುವೆಯಾಗುತ್ತಾಳೆ. ಕಥೆ ಮುಗಿಯುವುದು ವಂಶಾವಳಿಯೊಂದಿಗೆ: ಅವಳ ಮಗ ಓಬೇದ, ಮೊಮ್ಮಗ ಇಷಯ, ಮರಿಮಗ ದಾವೀದ. ಹತ್ತು ತಲೆಮಾರಿನವರೆಗೆ ಬಾಗಿಲು ಮುಚ್ಚಿದ್ದ ಜನಾಂಗದ ಹೆಣ್ಣಿಗೆ ಮೂರನೆಯ ತಲೆಮಾರಿನಲ್ಲೇ ಇಸ್ರಾಯೇಲಿನ ಅರಸ ಹುಟ್ಟುತ್ತಾನೆ.

ಈ ಎರಡು ಮಾತುಗಳಿಗೆ ಹಿನ್ನೆಲೆ ಇದೆ. ಬಾಬಿಲೋನಿನ ಸೆರೆಯಿಂದ ಜನ ಯೆರೂಸಲೇಮಿಗೆ ಮರಳಿದ ಕಾಲದಲ್ಲಿ, ಅನ್ಯಜನಾಂಗದ ಹೆಂಡತಿಯರನ್ನು ಮಕ್ಕಳ ಸಮೇತ ಕಳುಹಿಸಿಬಿಡಬೇಕೆಂದು ತೀರ್ಮಾನವಾಯಿತು. ಎಜ್ರನ ಪುಸ್ತಕದ 10ನೇ ಅಧ್ಯಾಯ ಅದನ್ನು ಹೆಸರುಗಳ ಪಟ್ಟಿಯೊಂದಿಗೆ ದಾಖಲಿಸುತ್ತದೆ. ನೆಹೆಮೀಯನ ಪುಸ್ತಕದ 13ನೇ ಅಧ್ಯಾಯದಲ್ಲಿ ಮೋವಾಬ್ಯರ ಕುರಿತ ಅದೇ ನಿಯಮವನ್ನು ಜನರ ಮುಂದೆ ಓದಿ, ಹೊರಗಿನ ಮೂಲದವರನ್ನು ಬೇರ್ಪಡಿಸುತ್ತಾರೆ. ರೂತಳ ಕಥೆ ಈ ಕಠಿಣ ನಿಲುವಿಗೆ ಕೊಟ್ಟ ಉತ್ತರವೆಂದು ಓದುವ ವಿದ್ವಾಂಸರು ಹಲವರು. ಅದು ಇನ್ನೂ ಹಳೆಯದು ಎನ್ನುವವರೂ ಇದ್ದಾರೆ. ಅದು ಯಾವ ಕಾಲದ್ದೇ ಆಗಿರಲಿ, ಗ್ರಂಥವನ್ನು ಒಟ್ಟುಗೂಡಿಸಿದವರು ಎರಡನ್ನೂ ಉಳಿಸಿಕೊಂಡರು. ಒಂದರ ಸಲುವಾಗಿ ಇನ್ನೊಂದನ್ನು ಕಿತ್ತುಹಾಕಲಿಲ್ಲ.

ಪ್ರಗತಿಪರ ಕ್ರೈಸ್ತ ಸಭೆ ಎಂದರೇನು ಎಂದು ಕೇಳಿದವರಿಗೆ ನಾನು ಮೊದಲು ತೋರಿಸುವುದು ಈ ಪುಟಗಳನ್ನೇ. ಸತ್ಯವೇದವನ್ನು ಹಗುರವಾಗಿ ಕಾಣುವವರು, ಬೇಕಾದದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುವವರು ಎಂಬ ಆರೋಪ ಈ ಸಭೆಗಳ ಮೇಲೆ ಬಹಳ ಹಿಂದಿನಿಂದ ಇದೆ. ನನ್ನ ಅನುಭವದಲ್ಲಿ, ಒಳ್ಳೆಯ ಪ್ರಗತಿಪರ ಸಭೆಯಲ್ಲಿ ನಡೆಯುವುದು ಅದಕ್ಕೆ ತೀರ ವಿರುದ್ಧವಾದದ್ದು. ದೇವರು ಯಾರನ್ನು ಒಳಗೆ ಕರೆಯುತ್ತಾನೆ ಎಂಬುದರ ಬಗ್ಗೆ ಸತ್ಯವೇದ ತನ್ನೊಳಗೇ ವಾದ ಹೂಡಿದೆ. ಆ ವಾದವನ್ನು ಕೇಳಿಸಿಕೊಂಡು, ಅದರ ಒಂದು ಪಕ್ಷ ವಹಿಸಿ, ಆ ಆಯ್ಕೆಯ ಹೊಣೆಯನ್ನು ಸಭೆಯಾಗಿ ಹೊರುವುದೇ ಅವರ ನಂಬಿಕೆಯ ರೀತಿ. ಇದು ಸುಲಭದ ದಾರಿಯಲ್ಲ. ವಚನ ಹೇಳಿದೆ, ನಾನೇನು ಮಾಡಲಿ ಎಂದು ಕೈತೊಳೆದುಕೊಳ್ಳಲು ಅಲ್ಲಿ ಅವಕಾಶವಿಲ್ಲ.

ಬೇರು ಎಲ್ಲಿದೆ

ಪ್ರಗತಿಪರ ಎಂಬ ಹೆಸರು ಈಚಿನದು, ಬೇರು ಹಳೆಯದು. 1799ರಲ್ಲಿ ಬರ್ಲಿನಿನ ಪಾದ್ರಿ ಫ್ರೀಡ್ರಿಖ್ ಶ್ಲಯರ್‌ಮಾಖರ್ ಅವರು, ಧರ್ಮವನ್ನು ತಾತ್ಸಾರದಿಂದ ಕಾಣುತ್ತಿದ್ದ ವಿದ್ಯಾವಂತರನ್ನೇ ಉದ್ದೇಶಿಸಿ ಬರೆದರು. ಧರ್ಮದ ಹೃದಯ ಇರುವುದು ಸಿದ್ಧಾಂತದ ಪಟ್ಟಿಯಲ್ಲಲ್ಲ, ಅನಂತವಾದದ್ದರ ಮುಂದೆ ಮನುಷ್ಯನಿಗಾಗುವ ಅನುಭವದಲ್ಲಿ ಎಂಬುದು ಅವರ ವಾದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಯೂಲಿಯುಸ್ ವೆಲ್‌ಹೌಸನ್ ಮತ್ತಿತರ ಜರ್ಮನ್ ವಿದ್ವಾಂಸರು, ಮೋಶೆಯ ಹೆಸರಿನ ಐದು ಪುಸ್ತಕಗಳು ಬೇರೆ ಬೇರೆ ಕಾಲದ ಹಲವು ಮೂಲಗಳಿಂದ ಹೆಣೆದವು ಎಂದು ತೋರಿಸಿದರು. ಇಂದಿನ ಸಂಶೋಧಕರು ವೆಲ್‌ಹೌಸನ್ನರ ವಿವರಗಳಲ್ಲಿ ಎಷ್ಟನ್ನೋ ಒಪ್ಪುವುದಿಲ್ಲ. ಆದರೆ ಹಲವು ಕೈಗಳ ಕೆಲಸ ಎಂಬ ಮೂಲ ಮಾತು ನಿಂತಿದೆ.

ಇನ್ನೊಂದು ಬೇರು ವಿದ್ವತ್ತಿನದಲ್ಲ, ಬಡತನದ್ದು. ವಾಲ್ಟರ್ ರೌಶನ್‌ಬುಶ್ 1886ರಲ್ಲಿ ನ್ಯೂಯಾರ್ಕಿನ ಹೆಲ್ಸ್ ಕಿಚನ್ ಎಂಬ ಬಡ ವಸತಿಯ ಅಂಚಿನಲ್ಲಿದ್ದ ಜರ್ಮನ್ ಬ್ಯಾಪ್ಟಿಸ್ಟ್ ಸಭೆಗೆ ಪಾಲಕರಾಗಿ ಬಂದರು. ಇಕ್ಕಟ್ಟಿನ ಮನೆಗಳು, ರೋಗ, ಕೆಲಸವಿಲ್ಲದ ಕೈಗಳು. ಅವರನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಮಕ್ಕಳ ಶವಸಂಸ್ಕಾರಗಳು. ಒಬ್ಬೊಬ್ಬರ ಆತ್ಮರಕ್ಷಣೆಯ ಮಾತನ್ನಷ್ಟೇ ಆಡುವ ಪ್ರಸಂಗ ಆ ಪುಟ್ಟ ಪೆಟ್ಟಿಗೆಗಳ ಮುಂದೆ ಸಾಲದಾಯಿತು. ಪಾಪಕ್ಕೆ ಸಾಮಾಜಿಕ ರೂಪವೂ ಇದೆ, ಬಾಡಿಗೆಯಲ್ಲಿ, ಕೂಲಿಯಲ್ಲಿ, ಕಾನೂನಿನಲ್ಲಿ ಅದು ನೆಲೆಸುತ್ತದೆ, ದೇವರ ರಾಜ್ಯ ಅದನ್ನೂ ಎದುರಿಸಬೇಕು ಎಂದು ಅವರು 1907ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಸಾಮಾಜಿಕ ಸುವಾರ್ತೆ ಎಂದು ಹೆಸರಾದ ಆ ಚಳವಳಿಯ ಛಾಯೆ ಇಂದಿಗೂ ಪ್ರಗತಿಪರ ಸಭೆಗಳ ಪ್ರಾರ್ಥನೆಯಲ್ಲಿ ಕಾಣುತ್ತದೆ.

ಇದಕ್ಕೆ ಪ್ರತಿರೋಧವೂ ಹುಟ್ಟಿತು. 1910ರಿಂದ 1915ರವರೆಗೆ ಅಮೆರಿಕದಲ್ಲಿ ಹನ್ನೆರಡು ಸಂಪುಟಗಳಲ್ಲಿ ಬಂದ ಪ್ರಬಂಧಗಳು, ಸತ್ಯವೇದದಲ್ಲಿ ತಪ್ಪಿಲ್ಲ ಎಂಬುದೂ ಸೇರಿದಂತೆ ನಂಬಿಕೆಯ ಮೂಲತತ್ವಗಳನ್ನು ಸಮರ್ಥಿಸಿದವು. ಮೂಲಭೂತವಾದ ಎಂಬ ಹೆಸರಿಗೆ ಅವೇ ಮೂಲ. 1922ರ ಮೇ 21ರಂದು ಹ್ಯಾರಿ ಎಮರ್ಸನ್ ಫಾಸ್ಡಿಕ್ ನ್ಯೂಯಾರ್ಕಿನ ತಮ್ಮ ಸಭೆಯ ಪ್ರಸಂಗಪೀಠದಿಂದ, ಮೂಲಭೂತವಾದಿಗಳು ಗೆಲ್ಲುವರೇ ಎಂದು ನೇರವಾಗಿ ಕೇಳಿದರು. ಆ ಪ್ರಸಂಗದಿಂದ ಎದ್ದ ಗದ್ದಲದಲ್ಲಿ ಅವರು ಆ ಸಭೆಯನ್ನು ಬಿಡಬೇಕಾಯಿತು. ಮುಂದೆ ಅವರಿಗಾಗಿ ಕಟ್ಟಿದ ರಿವರ್‌ಸೈಡ್ ಚರ್ಚಿನಲ್ಲೇ 1967ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ವಿಯೆಟ್ನಾಂ ಯುದ್ಧದ ವಿರುದ್ಧ ಮಾತನಾಡಿದರು.

ಓದುವುದು ಹೇಗೆ

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಗಿಡಮರ, ಪ್ರಾಣಿಪಕ್ಷಿ ಎಲ್ಲ ಆದ ಮೇಲೆ ಗಂಡುಹೆಣ್ಣುಗಳ ಸೃಷ್ಟಿ ಒಟ್ಟಿಗೇ ಆಗುತ್ತದೆ. ಎರಡನೆಯದರಲ್ಲಿ ಮೊದಲು ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಹೆಣ್ಣು. ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ ಯೇಸು ದೇವಾಲಯದ ವ್ಯಾಪಾರಿಗಳನ್ನು ಹೊರಗಟ್ಟುವುದು ತಮ್ಮ ಕೊನೆಯ ದಿನಗಳಲ್ಲಿ. ಯೋಹಾನನ ಸುವಾರ್ತೆಯಲ್ಲಿ ಅದು ಎರಡನೆಯ ಅಧ್ಯಾಯದಲ್ಲೇ ಆಗಿಹೋಗುತ್ತದೆ. ಇಂಥ ಕಡೆ ಪ್ರಗತಿಪರ ಸಭೆ ಎರಡನ್ನೂ ಎಳೆದು ಒಂದು ಮಾಡಲು ಹೋಗುವುದಿಲ್ಲ. ಬರೆದವನು ಯಾರಿಗೆ, ಯಾವ ಸಂಕಟದಲ್ಲಿ ಬರೆಯುತ್ತಿದ್ದ, ಈ ಘಟನೆಯನ್ನು ಇಲ್ಲಿಯೇ ಏಕೆ ಇಟ್ಟ ಎಂದು ಕೇಳುತ್ತದೆ. ಮಾರ್ಕನ ಸುವಾರ್ತೆ ಸುಮಾರು ಕ್ರಿ.ಶ. 70ರ ಹೊತ್ತಿಗೆ, ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ನೆಲಸಮ ಮಾಡಿದ ಕಾಲದಲ್ಲಿ ರೂಪುಗೊಂಡಿತು ಎಂದು ತಿಳಿದಾಗ, ದೇವಾಲಯದ ಬಗ್ಗೆ ಅದರಲ್ಲಿ ಬರುವ ಮಾತುಗಳ ಭಾರವೇ ಬೇರೆಯಾಗುತ್ತದೆ.

ಅಕ್ಷರಾರ್ಥಕ್ಕೆ ಮಾತ್ರ ಅಂಟಿಕೊಳ್ಳದ ಓದು ಹೊಸ ಫ್ಯಾಷನ್ ಎಂದು ತಿಳಿಯಬೇಕಿಲ್ಲ. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಓರಿಗೆನ್ ಸೃಷ್ಟಿಕಥೆಯ ಹಲವು ಭಾಗಗಳನ್ನು ರೂಪಕವೆಂದೇ ಓದಿದ. ದೇವರ ಮೇಲಿನ, ನೆರೆಯವರ ಮೇಲಿನ ಪ್ರೀತಿಯನ್ನು ಕಟ್ಟದ ವ್ಯಾಖ್ಯಾನ ಮಾಡಿದವನಿಗೆ ಶಾಸ್ತ್ರ ಇನ್ನೂ ಅರ್ಥವಾಗಿಲ್ಲ ಎಂದು ಮುಂದೆ ಬಂದ ಬಿಷಪ್ ಅಗಸ್ಟೀನ್ ಹೇಳಿದ. ಈ ಒಂದು ಮಾತನ್ನು ಅಳತೆಗೋಲಾಗಿ ಹಿಡಿದರೆ ಪ್ರಗತಿಪರ ಓದಿನ ಮುಕ್ಕಾಲು ಪಾಲು ತಿಳಿದಂತೆ.

ಈ ಅಳತೆಗೋಲು ಏಕೆ ಬೇಕು ಎಂಬುದಕ್ಕೆ ಗುಲಾಮಗಿರಿಯ ಚರಿತ್ರೆಗಿಂತ ದೊಡ್ಡ ಪಾಠವಿಲ್ಲ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎಂದು ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದಲ್ಲಿ ಗುಲಾಮರನ್ನಿಟ್ಟುಕೊಂಡವರ ಕೈಯಲ್ಲಿ ವಚನಗಳಿಗೆ ಕೊರತೆ ಇರಲಿಲ್ಲ. 1845ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರು ಉತ್ತರದವರಿಂದ ಒಡೆದು ಹೋದದ್ದು ಈ ಪ್ರಶ್ನೆಯ ಮೇಲೆಯೇ. ಆದರೆ ಅದಕ್ಕಿಂತ ಮೊದಲು, 1807ರಲ್ಲಿ ಲಂಡನ್ನಿನಲ್ಲಿ ಒಂದು ವಿಚಿತ್ರ ಸತ್ಯವೇದ ಅಚ್ಚಾಯಿತು. ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಆಯ್ದ ಭಾಗಗಳು ಎಂದು ಅದರ ಮುಖಪುಟವೇ ಹೇಳುತ್ತದೆ. ದಾಸರು ವಿಧೇಯರಾಗಿರಬೇಕೆಂಬ ವಚನ ಅದರಲ್ಲಿದೆ. ಮೋಶೆ ತನ್ನ ಜನರನ್ನು ಫರೋಹನ ದಾಸತ್ವದಿಂದ ಬಿಡಿಸಿ ತಂದ ಕಥೆ ಇಲ್ಲ. ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ, ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎನ್ನುವ ಗಲಾತ್ಯದವರ ಪತ್ರಿಕೆಯ ಮಾತೂ ಇಲ್ಲ. ಕತ್ತರಿ ಹಿಡಿದವರಿಗೆ ಸತ್ಯವೇದದೊಳಗಿನ ವಾದ ಚೆನ್ನಾಗಿ ತಿಳಿದಿತ್ತು. ಅದರ ಇನ್ನೊಂದು ದನಿ ಗುಲಾಮರ ಕಿವಿಗೆ ಬಿದ್ದರೆ ಏನಾಗುತ್ತದೆಂದೂ ತಿಳಿದಿತ್ತು. ಆ ದನಿ ಹೇಗೂ ಬಿತ್ತು. ಫರೋಹನೂ ಕೆಂಪು ಸಮುದ್ರವೂ ಗುಲಾಮರ ಹಾಡುಗಳಲ್ಲಿ ಉಳಿದವು.

ಹೀಗಾಗಿ ಬೇಕಾದ್ದನ್ನಷ್ಟೇ ಆರಿಸಿಕೊಳ್ಳುತ್ತೀರಿ ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟು: ಓದುವ ಪ್ರತಿಯೊಬ್ಬರೂ ಒಂದನ್ನು ಮುಂದಿಟ್ಟು ಇನ್ನೊಂದನ್ನು ಹಿಂದಿಡುತ್ತಾರೆ. ಯಾವ ಆಧಾರದ ಮೇಲೆ ಹಾಗೆ ಮಾಡುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದು ಪ್ರಾಮಾಣಿಕತೆ. ಪ್ರಗತಿಪರ ಸಭೆಗಳೂ ಇದರಲ್ಲಿ ಎಡವುತ್ತವೆ. ಹಲವು ಪಂಗಡಗಳು ಬಳಸುವ, 1992ರಲ್ಲಿ ಸಿದ್ಧವಾದ ಪರಿಷ್ಕೃತ ಸಾಮಾನ್ಯ ಪಾಠಪಟ್ಟಿ ಮೂರು ವರ್ಷಗಳ ಭಾನುವಾರಗಳಿಗೆ ಓದುವ ಭಾಗಗಳನ್ನು ಗೊತ್ತುಮಾಡುತ್ತದೆ. ಅದರಲ್ಲಿ ರೂತಳ ಕಥೆಗೆ ಎರಡು ಭಾನುವಾರಗಳಿವೆ, ಮೋವಾಬ್ಯರನ್ನು ಹೊರಗಿಟ್ಟ ವಚನಕ್ಕೆ ಒಂದೂ ಇಲ್ಲ. 139ನೇ ಕೀರ್ತನೆಯ ಸೊಗಸಾದ ಸಾಲುಗಳಿವೆ, ದುಷ್ಟರನ್ನು ಕೊಲ್ಲು ಎಂದು ದೇವರನ್ನು ಬೇಡುವ ಸಾಲುಗಳನ್ನು ದಾಟಿಸಲಾಗಿದೆ. ಕಹಿಯನ್ನು ಕೇಳಿಸದೆ ಸಿಹಿಯನ್ನಷ್ಟೇ ಬಡಿಸಿದರೆ ಸಭೆಗೆ ವಾದವೇ ಗೊತ್ತಾಗುವುದಿಲ್ಲ. ಅದಕ್ಕೇ ವಾರದ ನಡುವಿನ ಅಧ್ಯಯನ ಕೂಟ ಭಾನುವಾರದ ಆರಾಧನೆಯಷ್ಟೇ ಮುಖ್ಯ ಎಂದು ನಾನು ನಂಬುತ್ತೇನೆ. ಕೆಟ್ಟ ವಚನ ಎನಿಸಿದ್ದನ್ನು ಅಲ್ಲಿ ಗಟ್ಟಿಯಾಗಿ ಓದಬೇಕು, ಅದರಿಂದ ಗಾಯಗೊಂಡವರು ಮಾತಾಡಬೇಕು.

ಸತ್ಯವೇದವೇ ದಾರಿ ತೋರಿಸಿದ ಒಂದು ಸಾಲನ್ನು ಇಲ್ಲಿ ಹಿಡಿದು ನೋಡಬಹುದು. ಮೋವಾಬ್ಯರನ್ನು ಹೊರಗಿಟ್ಟ ಅದೇ 23ನೇ ಅಧ್ಯಾಯದ ಮೊದಲ ವಚನ ನಪುಂಸಕರನ್ನೂ ಹೊರಗಿಡುತ್ತದೆ. ಯೆಶಾಯನ 56ನೇ ಅಧ್ಯಾಯದಲ್ಲಿ ದೇವರು ಅವರಿಗೇ ನೇರವಾಗಿ ಮಾತು ಕೊಡುತ್ತಾನೆ: ನನ್ನ ಆಲಯದಲ್ಲಿ ಗಂಡು ಹೆಣ್ಣು ಮಕ್ಕಳಿಗಿಂತ ಮಿಗಿಲಾದ ಹೆಸರನ್ನು ನಿಮಗೆ ಕೊಡುವೆನು. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿಯೊಬ್ಬ, ಎಂದರೆ ಅರಮನೆಯ ನಪುಂಸಕ ಅಧಿಕಾರಿಯೊಬ್ಬ, ರಥದಲ್ಲಿ ಕುಳಿತು ಯೆಶಾಯನ ಪುಸ್ತಕವನ್ನೇ ಓದುತ್ತಿರುತ್ತಾನೆ. ದಾರಿಯಲ್ಲಿ ನೀರು ಕಂಡಾಗ, ನನಗೆ ದೀಕ್ಷಾಸ್ನಾನ ಮಾಡಿಸಲು ಅಡ್ಡಿ ಏನು ಎಂದು ಜೊತೆಗಿದ್ದ ಸುವಾರ್ತಿಕ ಫಿಲಿಪ್ಪನನ್ನು ಕೇಳುತ್ತಾನೆ. ಅಡ್ಡಿ ಇತ್ತು, ಬರಹದಲ್ಲೇ ಇತ್ತು. ಫಿಲಿಪ್ಪ ನೀರಿಗಿಳಿಯುತ್ತಾನೆ.

ಸಲಿಂಗಿಗಳನ್ನೂ ಲಿಂಗತ್ವ ಅಲ್ಪಸಂಖ್ಯಾತರನ್ನೂ ಪೂರ್ಣ ಸದಸ್ಯರಾಗಿ ಸ್ವೀಕರಿಸುವ ಸಭೆಗಳು ಈ ಸಾಲಿನ ಮೇಲೆ ನಿಲ್ಲುತ್ತವೆ. ಸಲಿಂಗ ಸಂಬಂಧವನ್ನು ಖಂಡಿಸುವ ಯಾಜಕಕಾಂಡದ, ರೋಮಾಪುರದವರಿಗೆ ಬರೆದ ಪತ್ರಿಕೆಯ ವಚನಗಳು ಅವರಿಗೆ ಗೊತ್ತಿಲ್ಲದೆ ಇಲ್ಲ. ಅಮೆರಿಕದ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ 1972ರಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡ ವಿಲಿಯಂ ಜಾನ್ಸನ್ ಅವರಿಗೆ ಪಾಲಕ ದೀಕ್ಷೆ ಕೊಟ್ಟಿತು. 2005ರಲ್ಲಿ ಅದರ ಮಹಾಸಭೆ ಸಮಾನ ವಿವಾಹವನ್ನು ಬೆಂಬಲಿಸಿತು. ಹೆಂಗಸರ ವಿಷಯದಲ್ಲೂ ಇದೇ ಹಾದಿ ಇನ್ನೂ ಮೊದಲು ಸವೆದಿತ್ತು: 1853ರಲ್ಲಿ ನ್ಯೂಯಾರ್ಕ್ ರಾಜ್ಯದ ಸಣ್ಣ ಸಭೆಯೊಂದು ಆಂಟೊನೆಟ್ ಬ್ರೌನ್ ಅವರಿಗೆ ದೀಕ್ಷೆ ಕೊಟ್ಟಿತ್ತು. ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಎಂದು ಕೊರಿಂಥದವರ ಮೊದಲ ಪತ್ರಿಕೆಯ 14ನೇ ಅಧ್ಯಾಯ ಹೇಳಿದರೆ, 11ನೇ ಅಧ್ಯಾಯ ಅವರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಸಹಜವೆಂದೇ ಒಪ್ಪಿಕೊಂಡು ಮಾತಾಡುತ್ತದೆ. ಮತ್ತೆ ಅದೇ ವಾದ.

ಹಾಗಾದರೆ ನಂಬುವುದೇನನ್ನು

ಇಲ್ಲಿ ಒಂದೇ ಉತ್ತರವಿಲ್ಲ, ಒಂದೇ ಬೆಂಚಿನಲ್ಲಿ ಕುಳಿತವರಲ್ಲೂ ಇಲ್ಲ. ಪುನರುತ್ಥಾನವನ್ನೇ ತೆಗೆದುಕೊಳ್ಳಿ. ಸಮಾಧಿ ನಿಜಕ್ಕೂ ಖಾಲಿಯಾಗಿತ್ತು ಎಂದು ನಂಬುವವರು ಒಬ್ಬರು. ಶಿಷ್ಯರಿಗೆ ಯೇಸು ಜೀವಂತರೆಂಬ ಅನುಭವ ಆಯಿತು, ಆ ಅನುಭವದ ಬಗೆ ನಮ್ಮ ಮಾತಿಗೆ ಸಿಗದು ಎನ್ನುವವರು ಪಕ್ಕದಲ್ಲೇ ಇನ್ನೊಬ್ಬರು. ಮಾರ್ಕನ ಸುವಾರ್ತೆಯ ಅತ್ಯಂತ ಹಳೆಯ ಪೂರ್ಣ ಹಸ್ತಪ್ರತಿಗಳು ಹೆಂಗಸರು ಹೆದರಿ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೇ ನಿಲ್ಲುತ್ತವೆ ಎಂದು ಕೇಳಿದಾಗ ಇಬ್ಬರಿಗೂ ತಮ್ಮ ನಿಲುವನ್ನು ಮತ್ತೆ ಯೋಚಿಸಬೇಕಾಗುತ್ತದೆ. ಇಬ್ಬರೂ ಈಸ್ಟರ್ ಬೆಳಿಗ್ಗೆ ಒಂದೇ ಹಾಡು ಹಾಡುತ್ತಾರೆ. ರೋಮಿನ ಅಧಿಕಾರ ಶಿಲುಬೆಗೇರಿಸಿ ಮುಗಿಸಿದ್ದೇನೆ ಎಂದುಕೊಂಡವನನ್ನು ದೇವರು ಮುಗಿಯಗೊಡಲಿಲ್ಲ ಎಂಬುದರಲ್ಲಿ ಅವರಿಬ್ಬರಿಗೂ ಅನುಮಾನವಿಲ್ಲ.

ಪ್ರಾರ್ಥನೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಒಂದು ಮಗುವಿನ ಕಾಯಿಲೆ ವಾಸಿಯಾಯಿತು, ಇನ್ನೊಂದರದು ಆಗಲಿಲ್ಲ. ಮೊದಲನೆಯದು ಪ್ರಾರ್ಥನೆಯ ಫಲ ಎಂದರೆ ಎರಡನೆಯ ತಾಯಿಗೆ ಏನು ಹೇಳುತ್ತೀರಿ? ಪ್ರಗತಿಪರ ಪಾಲಕರಲ್ಲಿ ಹೆಚ್ಚಿನವರು ಈ ಲೆಕ್ಕಾಚಾರವನ್ನೇ ಕೈಬಿಡುತ್ತಾರೆ. ಯೋಬನ ಪುಸ್ತಕದ ಕೊನೆಯಲ್ಲಿ ದೇವರು ಗದರಿಸುವುದು ಯೋಬನ ಸ್ನೇಹಿತರನ್ನು, ಅವನ ಸಂಕಟಕ್ಕೆ ಸಲೀಸಾದ ವಿವರಣೆ ಕೊಟ್ಟವರನ್ನು. ಹೀಗಾಗಿ ಅಲ್ಲಿನ ಪ್ರಾರ್ಥನೆಯಲ್ಲಿ ಬೇಡಿಕೆಗಿಂತ ಜೊತೆಗಿರುವುದು ಹೆಚ್ಚು. ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಾರೆ, ಅಳಲು ಬಿಡುತ್ತಾರೆ, ಮರುದಿನ ಆಸ್ಪತ್ರೆಗೆ ಯಾರು ಹೋಗುತ್ತೀರಿ ಎಂದು ಅಲ್ಲೇ ಕೇಳುತ್ತಾರೆ. ಬೇಡಿಕೊಳ್ಳಲೇಬೇಕೆನ್ನುವವರನ್ನು ತಡೆಯುವುದೂ ಇಲ್ಲ.

ಬೇರೆ ಧರ್ಮದವರ ಬಗ್ಗೆ ನಿಲುವು ಬಹುಮಟ್ಟಿಗೆ ಒಂದೇ: ದೇವರ ಕೃಪೆ ಕ್ರೈಸ್ತರ ಸ್ವತ್ತಲ್ಲ. ನಾನೇ ಮಾರ್ಗ ಎಂಬ ಯೋಹಾನನ ಸುವಾರ್ತೆಯ ಮಾತನ್ನು ಅವರು ಅಗಲಿಕೆಯ ಭಯದಲ್ಲಿದ್ದ ಶಿಷ್ಯರಿಗೆ ಹೇಳಿದ ಸಾಂತ್ವನವಾಗಿ ಓದುತ್ತಾರೆ, ಉಳಿದವರ ಮೇಲೆ ಹಾಕಿದ ಬೀಗವಾಗಿ ಓದುವುದಿಲ್ಲ.

ಒಟ್ಟಿಗೆ ಬಾಳುವುದು

ನಂಬಿಕೆಯ ವಿವರಗಳಲ್ಲಿ ಇಷ್ಟು ಬೇರೆಯಾಗಿರುವವರನ್ನು ಹಿಡಿದಿಡುವುದು ಯಾವುದು? ಮೇಜು ಎಂದು ಹೇಳುತ್ತೇನೆ. ಹಲವು ಪ್ರಗತಿಪರ ಸಭೆಗಳಲ್ಲಿ ಪ್ರಭುಭೋಜನಕ್ಕೆ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆ ವಿಧಿಗೆ, ತಡೆ ಇಲ್ಲ. ಸದಸ್ಯರಾಗಿರಬೇಕಿಲ್ಲ, ಕೆಲವೆಡೆ ದೀಕ್ಷಾಸ್ನಾನವೂ ಆಗಿರಬೇಕಿಲ್ಲ. ಇದು ಸಣ್ಣ ಬದಲಾವಣೆಯಲ್ಲ, ಎರಡನೆಯ ಶತಮಾನದಿಂದಲೇ ಸಭೆ ದೀಕ್ಷಾಸ್ನಾನ ಪಡೆದವರಿಗೆ ಮಾತ್ರ ಅದನ್ನು ಕೊಡುತ್ತ ಬಂದಿದೆ. ಯೇಸು ಸುಂಕದವರೊಂದಿಗೆ, ಪಾಪಿಗಳೆನಿಸಿಕೊಂಡವರೊಂದಿಗೆ ಊಟಕ್ಕೆ ಕುಳಿತರೆಂಬುದು ಅವರ ಮೇಲಿದ್ದ ಮುಖ್ಯ ದೂರುಗಳಲ್ಲೊಂದು. ಆ ದೂರು ನಮ್ಮ ಮೇಲೂ ಬರಲಿ ಎಂಬುದು ಈ ಸಭೆಗಳ ವಾದ. ರೊಟ್ಟಿ ಮುರಿಯುವಾಗ ವೃದ್ಧೆಯೊಬ್ಬರು ಎಂದೂ ಚರ್ಚಿಗೆ ಕಾಲಿಡದ ಯುವಕನ ಕೈಗೆ ತುಣುಕನ್ನಿಟ್ಟು, ಇದು ನಿನಗಾಗಿ ಎಂದು ಹೇಳುತ್ತಾರೆ. ಅವನು ಏನನ್ನು ನಂಬುತ್ತಾನೆ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.

ಮೇಜಿನ ನಂತರ ಬರುವುದು ಸದಸ್ಯರ ಸಭೆ. ಕೇಳಲು ಸಪ್ಪೆ ಎನಿಸಿದರೂ ನಂಬಿಕೆಯ ನಿಜವಾದ ಪರೀಕ್ಷೆ ಅಲ್ಲಿಯೇ. ಕಾಣಿಕೆಯ ಹಣ ಕಟ್ಟಡದ ಚಾವಣಿಗೆ ಹೋಗಬೇಕೋ ವಸತಿಯಿಲ್ಲದವರಿಗೋ, ಸಲಿಂಗಿಗಳಿಗೂ ಸ್ವಾಗತ ಎಂಬ ಹೇಳಿಕೆಯನ್ನು ಅಂಗೀಕರಿಸಬೇಕೋ ಬೇಡವೋ ಎಂದು ಕೈಯೆತ್ತಿ ತೀರ್ಮಾನಿಸುವಾಗ ಸಿದ್ಧಾಂತಕ್ಕೆ ಬೆಲೆ ತೆರಬೇಕಾಗುತ್ತದೆ. ಕೆಲವೊಮ್ಮೆ ಬೆಲೆ ದೊಡ್ಡದು. 1982ರ ಮಾರ್ಚ್ 24ರಂದು ಅರಿಜೋನಾದ ಟೂಸಾನ್ ನಗರದ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚು ಮಧ್ಯ ಅಮೆರಿಕದ ಯುದ್ಧಗಳಿಂದ ಓಡಿಬಂದವರಿಗೆ ತಾನು ಆಶ್ರಯಸ್ಥಾನ ಎಂದು ಬಹಿರಂಗವಾಗಿ ಸಾರಿತು. ಬೇರೆ ನೂರಾರು ಸಭೆಗಳು ಕೈಜೋಡಿಸಿದವು. 1986ರಲ್ಲಿ ಅದರ ಪಾಲಕ ಜಾನ್ ಫೈಫ್ ಸೇರಿದಂತೆ ಎಂಟು ಮಂದಿ ನ್ಯಾಯಾಲಯದಲ್ಲಿ ಅಪರಾಧಿಗಳೆಂದು ತೀರ್ಮಾನವಾಯಿತು.

ಟೀಕೆಗಳಲ್ಲಿ ಗಟ್ಟಿಯಾದವು

ಸದಸ್ಯರ ಸಂಖ್ಯೆ ಕುಸಿಯುತ್ತಿದೆ ಎಂಬ ಟೀಕೆಯನ್ನು ಬೇಗ ದಾಟಬಹುದು. ಕುಸಿತ ನಿಜ, ಆದರೆ ಇಂದು ಅದು ಅನೇಕ ಸಂಪ್ರದಾಯವಾದಿ ಸಭೆಗಳನ್ನೂ ತಟ್ಟಿದೆ. ಇನ್ನೊಂದು ಟೀಕೆ ನನ್ನನ್ನು ಕಾಡುತ್ತದೆ. 1914ರಲ್ಲಿ ಜರ್ಮನಿಯ 93 ಬುದ್ಧಿಜೀವಿಗಳು ತಮ್ಮ ದೇಶದ ಯುದ್ಧವನ್ನು ಸಮರ್ಥಿಸಿ ಹೇಳಿಕೆ ಹೊರಡಿಸಿದಾಗ, ಸಹಿ ಹಾಕಿದವರಲ್ಲಿ ಉದಾರವಾದಿ ದೇವಶಾಸ್ತ್ರದ ದೊಡ್ಡ ಹೆಸರಾದ ಅಡೋಲ್ಫ್ ಫಾನ್ ಹಾರ್ನಕ್ ಕೂಡ ಇದ್ದರು. ಅವರ ಶಿಷ್ಯ ಕಾರ್ಲ್ ಬಾರ್ಟ್ ಬೆಚ್ಚಿಬಿದ್ದರು. ದೇವರ ಮಾತನ್ನು ಕಾಲದ ಸಂಸ್ಕೃತಿಯೊಂದಿಗೆ ಬೆರೆಸಿಬಿಟ್ಟರೆ, ಸಂಸ್ಕೃತಿ ಹಾಳಾದಾಗ ಅದಕ್ಕೆ ಇಲ್ಲ ಎನ್ನಲು ಸಭೆಯ ಬಳಿ ಏನೂ ಉಳಿಯುವುದಿಲ್ಲ ಎಂಬುದು ಅವರು ಕಂಡುಕೊಂಡದ್ದು. 1934ರಲ್ಲಿ ನಾಜಿ ಆಡಳಿತದ ಹಿಡಿತಕ್ಕೆ ಒಳಗಾಗಲು ಒಪ್ಪದ ಸಭೆಗಳ ಬಾರ್ಮೆನ್ ಘೋಷಣೆಯನ್ನು ಮುಖ್ಯವಾಗಿ ಬರೆದವರು ಅವರೇ. ತನ್ನ ರಾಜಕೀಯ ಬಳಗ ಮೊದಲೇ ಹೇಳಿದ್ದನ್ನೇ ಭಾನುವಾರ ಮತ್ತೆ ಹೇಳುವ, ಸತ್ಯವೇದದಿಂದ ಒಮ್ಮೆಯೂ ಮುಜುಗರಕ್ಕೆ ಒಳಗಾಗದ ಪ್ರಗತಿಪರ ಸಭೆಗೆ ಬಾರ್ಟ್ ಅವರ ಎಚ್ಚರಿಕೆ ಪೂರ್ತಿ ಅನ್ವಯಿಸುತ್ತದೆ. ಸಂಪ್ರದಾಯದ ಕಡೆ ಒಲವಿರುವ ಸದಸ್ಯರಿಗೆ ಅಂಥ ಸಭೆಯಲ್ಲಿ ಬಾಯಿ ತೆರೆಯಲು ಭಯವಾಗುವುದನ್ನು ನಾನು ಕಂಡಿದ್ದೇನೆ. ಅದು ತಪ್ಪು, ಅದನ್ನು ಸರಿಪಡಿಸುವ ಹೊಣೆ ಬಹುಮತದ್ದು.

ನ್ಯಾಯದ ಮಾತು ಗಟ್ಟಿ ನಂಬಿಕೆಯಿಂದಲೇ ಬರಬಲ್ಲದು ಎಂಬುದಕ್ಕೆ ದಕ್ಷಿಣ ಆಫ್ರಿಕಾ ಸಾಕ್ಷಿ ಕೊಟ್ಟಿದೆ. ಅಲ್ಲಿನ ಬಿಳಿಯ ಡಚ್ ರಿಫಾರ್ಮ್ಡ್ ಸಭೆ 1974ರ ತನ್ನ ವರದಿಯಲ್ಲಿ ದೇವರು ಜನರ ಭಾಷೆಯನ್ನು ಗಲಿಬಿಲಿಗೊಳಿಸಿ ಅವರನ್ನು ಚದುರಿಸಿದ ಬಾಬೆಲ್ ಗೋಪುರದ ಕಥೆಯನ್ನು ಜನಾಂಗಗಳ ಪ್ರತ್ಯೇಕತೆಗೆ ಆಧಾರವಾಗಿ ಬಳಸಿತ್ತು. ಅದೇ ಪರಂಪರೆಯಲ್ಲಿ ಬಿಳಿಯರಲ್ಲದವರಿಗೆಂದು ಬೇರೆ ಮಾಡಿಟ್ಟಿದ್ದ ಮಿಷನ್ ಸಭೆ 1982ರಲ್ಲಿ ಕೇಪ್‌ಟೌನ್ ಬಳಿಯ ಬೆಲ್ಹಾರಿನಲ್ಲಿ ಸೇರಿ ವಿಶ್ವಾಸಪ್ರಮಾಣವೊಂದನ್ನು ರಚಿಸಿತು, 1986ರಲ್ಲಿ ಅಂಗೀಕರಿಸಿತು. ತ್ರಿಯೇಕ ದೇವರ ಅರಿಕೆಯಿಂದ ಅದು ಆರಂಭವಾಗುತ್ತದೆ. ಅನ್ಯಾಯದ ಲೋಕದಲ್ಲಿ ದೇವರು ದಿಕ್ಕಿಲ್ಲದವರ, ಬಡವರ, ಅನ್ಯಾಯಕ್ಕೊಳಗಾದವರ ದೇವರು, ಸಭೆ ಅವನು ನಿಂತಲ್ಲಿ ನಿಲ್ಲಬೇಕು ಎಂದು ಅದು ಹೇಳುತ್ತದೆ. 2016ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚು ಈ ಬರಹವನ್ನು ಪ್ರಾಚೀನ ನಿಕೇಯದ ವಿಶ್ವಾಸಪ್ರಮಾಣವೂ ಬಾರ್ಮೆನ್ ಘೋಷಣೆಯೂ ಇರುವ ತನ್ನ ವಿಶ್ವಾಸಪ್ರಮಾಣಗಳ ಪುಸ್ತಕಕ್ಕೆ ಸೇರಿಸಿಕೊಂಡಿತು.